ರಾತ್ರಿ ಹಾರುವ ಲಾರಿಗಳು: ಬೆಂಗಳೂರಿನ ಸರಕು ವಿಮಾನಗಳ ಕಥೆ



ವಿಮಾನ ಎಂದೊಡನೆ ಕಣ್ಣ ಮುಂದೆ ಬರುವುದು ಕಿಟಕಿಗಳ ಸಾಲು, ಸೀಟು ಬೆಲ್ಟು, ನಗುಮೊಗದ ಗಗನಸಖಿ. ಕಿಟಕಿಯೇ ಇಲ್ಲದ ವಿಮಾನವೊಂದು ಇರುತ್ತದೆ, ಅದು ಬಹುಪಾಲು ರಾತ್ರಿ ಹೊತ್ತಿನಲ್ಲೇ ಹಾರುತ್ತದೆ, ಅದರೊಳಗೆ ಪೈಲಟ್‌ಗಳನ್ನು ಬಿಟ್ಟರೆ ಪೆಟ್ಟಿಗೆಗಳೇ ತುಂಬಿರುತ್ತವೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಹೆಬ್ಬಾಳ, ಯಲಹಂಕಗಳ ಕಡೆಯವರಿಗೆ ಮಾತ್ರ ಇದರ ಸುಳಿವು ಇದ್ದೀತು. ನಡುರಾತ್ರಿ ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿಯತ್ತ ಓಡುವ ವಾಹನಗಳೆಲ್ಲ ಟ್ಯಾಕ್ಸಿಗಳಲ್ಲ. ಹೂವು, ತರಕಾರಿ, ಔಷಧ, ಯಂತ್ರದ ಬಿಡಿಭಾಗ ಹೊತ್ತ ಮುಚ್ಚಿದ ವ್ಯಾನುಗಳೂ ಅಲ್ಲಿರುತ್ತವೆ.

ಈ ಊರಿನಲ್ಲೇ ಹುಟ್ಟಿದ ಒಂದು ಸರಕು ವಿಮಾನ ಸಂಸ್ಥೆ ಎರಡು ವರ್ಷವೂ ಬಾಳಲಿಲ್ಲ. ಅದರ ಹೆಸರು ಡೆಕ್ಕನ್ 360. ಒಂದು ರೂಪಾಯಿ ಟಿಕೆಟ್ಟಿನಿಂದ ಮಾತಾದ ಏರ್ ಡೆಕ್ಕನ್ ಕಟ್ಟಿದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರೇ ಅದರ ಸ್ಥಾಪಕರು. ಜನರನ್ನು ಹಾರಿಸಿ ಗೆದ್ದವರು ಪೆಟ್ಟಿಗೆಗಳನ್ನು ಹಾರಿಸಲು ಹೋಗಿ ಸೋತದ್ದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಸರಕು ವಿಮಾನದ ಲೆಕ್ಕಾಚಾರವೆಲ್ಲ ಅರ್ಥವಾಗುತ್ತದೆ.

ಟಪಾಲಿನ ಚೀಲದಿಂದ ಆರಂಭ

ಭಾರತದಲ್ಲಿ ಜನರಿಗಿಂತ ಮೊದಲು ವಿಮಾನದಲ್ಲಿ ಕ್ರಮವಾಗಿ ಸಾಗಿದ್ದು ಕಾಗದಗಳು. 1911ರ ಫೆಬ್ರುವರಿ 18ರಂದು ಆನ್ರಿ ಪೆಕೆ ಎಂಬ ಫ್ರೆಂಚ್ ಪೈಲಟ್ ಸುಮಾರು 6,500 ಪತ್ರಗಳನ್ನು ಹೊತ್ತು ಅಲಹಾಬಾದಿನಿಂದ ಯಮುನೆಯ ಆಚೆಯ ನೈನಿಗೆ ಹಾರಿದ. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಅದೇ ಎಂದು ದಾಖಲೆಯಾಗಿದೆ.

ಸ್ವಾತಂತ್ರ್ಯ ಬಂದ ಎರಡನೆಯ ವರ್ಷದಲ್ಲಿ, 1949ರಲ್ಲಿ, ರಾತ್ರಿ ವಿಮಾನ ಅಂಚೆ ಶುರುವಾಯಿತು. ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಿಂದ ಒಂದೊಂದು ವಿಮಾನ ಸಂಜೆಯ ಮೇಲೆ ಹೊರಟು ದೇಶದ ನಡುಮಧ್ಯದ ನಾಗಪುರದಲ್ಲಿ ಇಳಿಯುತ್ತಿದ್ದವು. ಅಲ್ಲಿ ಟಪಾಲು ಚೀಲಗಳ ಅದಲುಬದಲು. ಬೆಳಗಾಗುವುದರೊಳಗೆ ಪ್ರತಿ ವಿಮಾನವೂ ಉಳಿದ ಮೂರು ಊರುಗಳ ಕಾಗದ ಹೊತ್ತು ತನ್ನ ಊರಿಗೆ ಮರಳುತ್ತಿತ್ತು. ನಾಲ್ಕು ಊರುಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಲು ಆರು ಮಾರ್ಗ ಬೇಕು. ನಡುವೆ ಒಂದು ಕೂಡುನೆಲೆ ಇದ್ದರೆ ನಾಲ್ಕೇ ಸಾಕು. ಊರುಗಳು ಇಪ್ಪತ್ತೈದಾದರೆ ನೇರ ಮಾರ್ಗಗಳು ಮುನ್ನೂರಾಗುತ್ತವೆ, ಕೂಡುನೆಲೆಗೆ ಇಪ್ಪತ್ತೈದೇ.

ಇದೇ ಉಪಾಯವನ್ನು ಅಮೆರಿಕದಲ್ಲಿ ಫ್ರೆಡ್ ಸ್ಮಿತ್ ಎಂಬಾತ ವ್ಯಾಪಾರವಾಗಿಸಿದ. ಆತನ ಫೆಡರಲ್ ಎಕ್ಸ್‌ಪ್ರೆಸ್ 1973ರ ಏಪ್ರಿಲ್‌ನಲ್ಲಿ ಮೆಂಫಿಸ್ ಊರನ್ನು ಕೂಡುನೆಲೆ ಮಾಡಿಕೊಂಡು 14 ಸಣ್ಣ ವಿಮಾನಗಳಲ್ಲಿ 25 ಊರುಗಳಿಗೆ ಸೇವೆ ಆರಂಭಿಸಿತು. ಮೊದಲ ರಾತ್ರಿ ಸಾಗಿಸಿದ್ದು ಕೇವಲ 186 ಪೊಟ್ಟಣ. ಮುಂದೆ ಅದು ಜಗತ್ತಿನ ದೊಡ್ಡ ಸರಕು ವಿಮಾನ ಸಂಸ್ಥೆಗಳಲ್ಲಿ ಒಂದಾಯಿತು. ನಾಗಪುರದಲ್ಲಿ ಟಪಾಲಿಗಾಗಿ ನಡೆಯುತ್ತಿದ್ದುದನ್ನು ಮೆಂಫಿಸ್ ಪಾರ್ಸೆಲ್ಲಿಗಾಗಿ ಮಾಡಿತು.

ಉತ್ತರ ದಿಕ್ಕಿನ ನಂಟು

ಬೆಂಗಳೂರಿನ ವಿಮಾನದ ನಂಟು ಪೂರ್ವ ದಿಕ್ಕಿನಲ್ಲಿ, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೊಡನೆ ಬೆಳೆಯಿತು. ಮೈಸೂರು ಸರ್ಕಾರದ ನೆರವಿನೊಂದಿಗೆ ಉದ್ಯಮಿ ವಾಲಚಂದ್ ಹೀರಾಚಂದ್ 1940ರ ಡಿಸೆಂಬರ್‌ನಲ್ಲಿ ಸ್ಥಾಪಿಸಿದ ಈ ಕಾರ್ಖಾನೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿತ್ರಪಕ್ಷಗಳ ವಿಮಾನಗಳ ರಿಪೇರಿ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ಸೇನೆ ಬಿಟ್ಟುಹೋದ ಡಕೋಟ ವಿಮಾನಗಳನ್ನು ನಾಗರಿಕ ಬಳಕೆಗೆ ಸಜ್ಜುಗೊಳಿಸುವ ಕೆಲಸವೂ ಇಲ್ಲಿ ನಡೆಯಿತು. ಜನ, ಟಪಾಲು, ಮೂಟೆ ಎಲ್ಲವನ್ನೂ ಹೊರುತ್ತಿದ್ದ ಡಕೋಟ ಆ ಕಾಲದ ಆಕಾಶದ ಎತ್ತಿನ ಗಾಡಿ.

ಉತ್ತರ ದಿಕ್ಕಿನಲ್ಲಿ 1948ರಲ್ಲಿ ಜಕ್ಕೂರಿನ ಸರ್ಕಾರಿ ವಿಮಾನ ಹಾರಾಟ ತರಬೇತಿ ಶಾಲೆ ಬಂತು. 1963ರಲ್ಲಿ ಯಲಹಂಕ ವಾಯುನೆಲೆ ಬಂತು. ಏರೋ ಇಂಡಿಯಾ ಪ್ರದರ್ಶನದಿಂದಾಗಿ ಯಲಹಂಕ ಎಂದರೆ ಎಲ್ಲರಿಗೂ ಯುದ್ಧವಿಮಾನಗಳ ಆರ್ಭಟ ನೆನಪಾಗುತ್ತದೆ. ಆದರೆ ವಾಯುಪಡೆಯ ಸಾಗಣೆ ವಿಮಾನಗಳ ಪೈಲಟ್‌ಗಳು ಪಳಗುವುದು ಈ ನೆಲೆಯಲ್ಲೇ. ಭಾರ ಹೊರುವ ವಿದ್ಯೆಗೆ ಈ ಸೀಮೆ ಹೊಸದಲ್ಲ.

ಜಕ್ಕೂರಿನಿಂದ ನಾಗಪುರಕ್ಕೆ

ಹಾಸನ ಜಿಲ್ಲೆಯ ಗೊರೂರಿನ ಗೋಪಿನಾಥ್ ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, ಸೇನೆಯಲ್ಲಿ ದುಡಿದು, ಆಮೇಲೆ ಜಾವಗಲ್ ಬಳಿ ಬೇಸಾಯಕ್ಕೆ ಇಳಿದವರು. ರೇಷ್ಮೆ ಕೃಷಿಯಲ್ಲಿ ಅವರು ಮಾಡಿದ ಪ್ರಯೋಗಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಮರುವರ್ಷ ಗೆಳೆಯರೊಡನೆ ಸೇರಿ ಬಾಡಿಗೆ ಹೆಲಿಕಾಪ್ಟರ್ ಸಂಸ್ಥೆ ಡೆಕ್ಕನ್ ಏವಿಯೇಷನ್ ಆರಂಭಿಸಿದರು. ಅದರ ನೆಲೆ ಜಕ್ಕೂರು. 2003ರಲ್ಲಿ ಏರ್ ಡೆಕ್ಕನ್ ಬಂತು. ರೈಲಿನ ಮೇಲ್ದರ್ಜೆಯಲ್ಲಿ ಹೋಗುತ್ತಿದ್ದವರು ಮೊದಲ ಸಲ ವಿಮಾನ ಹತ್ತಿದರು, ಹುಬ್ಬಳ್ಳಿಯಂಥ ಊರುಗಳಿಗೆ ವಿಮಾನ ಬಂತು. ಆದರೆ ನಷ್ಟವೂ ಬೆಳೆಯಿತು. 2007ರಲ್ಲಿ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಬಳಗ ಪಾಲು ಕೊಂಡಿತು, 2008ರಲ್ಲಿ ಎರಡೂ ಒಂದಾದವು.

ಕೈಬಿಟ್ಟ ಕನಸಿನ ಜಾಗದಲ್ಲಿ ಗೋಪಿನಾಥ್ ಇನ್ನೊಂದನ್ನು ಕಟ್ಟಿದರು. ಜನರಿಗೆ ಮಾಡಿದ್ದನ್ನು ಸರಕಿಗೂ ಮಾಡಬಾರದೇಕೆ? ಸಣ್ಣ ಊರಿನ ಕೈಗಾರಿಕೆ, ಹೂ ಬೆಳೆಗಾರ, ಔಷಧ ವ್ಯಾಪಾರಿ ಎಲ್ಲರಿಗೂ ರಾತ್ರಿ ಕೊಟ್ಟ ಪೆಟ್ಟಿಗೆ ಬೆಳಿಗ್ಗೆ ಬೇರೆ ಊರಿನಲ್ಲಿ ಸಿಗುವಂತಾದರೆ? 2009ರಲ್ಲಿ ಬೆಂಗಳೂರನ್ನು ಕೇಂದ್ರ ಕಚೇರಿಯಾಗಿಸಿಕೊಂಡು ಡೆಕ್ಕನ್ 360 ಹೊರಟಿತು. ಕೂಡುನೆಲೆಗೆ ಆರಿಸಿಕೊಂಡದ್ದು ನಾಗಪುರ. ಅರವತ್ತು ವರ್ಷಗಳ ಹಿಂದೆ ಅಂಚೆ ಇಲಾಖೆ ಬೆರಳಿಟ್ಟಿದ್ದ ಅದೇ ಊರು. ದೊಡ್ಡ ಊರುಗಳ ನಡುವೆ ಏರ್‌ಬಸ್ ಎ310 ಸರಕು ವಿಮಾನಗಳು, ಕಡಿಮೆ ಸರಕಿನ ಊರುಗಳಿಗೆ ಎಟಿಆರ್ ವಿಮಾನಗಳು, ಅಲ್ಲಿಂದಾಚೆಗೆ ವ್ಯಾನು, ಲಾರಿ ಎಂಬ ಏರ್ಪಾಡು. 2010ರಲ್ಲಿ ರಿಲಯನ್ಸ್ ಇಂಡಸ್ಟ್ರೀಸ್ ಇದರಲ್ಲಿ ಪಾಲು ಕೊಂಡಾಗ, ಇನ್ನು ಹಣದ ಚಿಂತೆಯಿಲ್ಲ ಎಂದು ಅನೇಕರು ಭಾವಿಸಿದರು. 2011ರಲ್ಲಿ ಹಾರಾಟ ನಿಂತಿತು. ಬಾಕಿ ಹಣಕ್ಕಾಗಿ ಸಾಲಿಗರು ಕರ್ನಾಟಕ ಹೈಕೋರ್ಟಿನ ಮೆಟ್ಟಿಲು ಹತ್ತಿದರು. 2013ರಲ್ಲಿ ಸಂಸ್ಥೆಯನ್ನು ಮುಚ್ಚುವ ಆದೇಶವಾಯಿತು.

ಸರಕು ವಿಮಾನ ಎಂದರೇನು?

ಸೋಲಿನ ಕಾರಣಕ್ಕೆ ಮುನ್ನ ವಿಮಾನದ ವಿಷಯ. ಸರಕು ವಿಮಾನಗಳಲ್ಲಿ ಎಷ್ಟೋ, ಒಂದು ಕಾಲಕ್ಕೆ ಪ್ರಯಾಣಿಕರನ್ನು ಹೊತ್ತು ಹಳತಾದವು. ಹದಿನೈದಿಪ್ಪತ್ತು ವರ್ಷ ಜನರನ್ನು ಹೊತ್ತ ವಿಮಾನದ ಸೀಟು ಕಿತ್ತು, ಕಿಟಕಿ ಮುಚ್ಚಿ, ನೆಲವನ್ನು ಬಲಪಡಿಸಿ ಅದರ ಮೇಲೆ ಉರುಳೆಗಳನ್ನು ಕೂರಿಸುತ್ತಾರೆ. ಎಡಬದಿಯ ಮುಂಭಾಗದಲ್ಲಿ ಗೋಡೆ ಕೊರೆದು ದೊಡ್ಡ ಬಾಗಿಲು ಇಡುತ್ತಾರೆ. ಲೋಹದ ಹಲಗೆಯ ಮೇಲೆ ಪೆಟ್ಟಿಗೆಗಳನ್ನು ಜೋಡಿಸಿ, ಬಲೆ ಬಿಗಿದು, ಇಡೀ ಹಲಗೆಯನ್ನೇ ಒಳಕ್ಕೆ ತಳ್ಳುತ್ತಾರೆ. ಎಟಿಆರ್ 72 ಸುಮಾರು 8 ಟನ್ ಹೊತ್ತರೆ, ಎ310 ಅದರ ನಾಲ್ಕು ಪಟ್ಟಿಗೂ ಹೆಚ್ಚು ಹೊರುತ್ತದೆ.

ಹಳೆಯ ವಿಮಾನವೇ ಏಕೆ? ಸರಕು ವಿಮಾನ ರಾತ್ರಿ ಕೆಲವೇ ಗಂಟೆ ಹಾರಿ ಹಗಲೆಲ್ಲ ನಿಂತಿರುತ್ತದೆ. ಹೊಸ ವಿಮಾನದ ಸಾಲದ ಕಂತು ಕಟ್ಟಲು ಆ ಕೆಲವು ಗಂಟೆಗಳ ದುಡಿಮೆ ಸಾಲದು. ಆದರೆ ಹಳೆಯ ವಿಮಾನ ಅಗ್ಗವಾದರೂ ಇಂಧನ ಹೆಚ್ಚು ಕುಡಿಯುತ್ತದೆ. ತೈಲದ ಬೆಲೆ ಏರಿದಾಗ ಮೊದಲು ನರಳುವುದು ಅದೇ.

ಬಾಡಿಗೆಯ ಲೆಕ್ಕವೂ ಬೇರೆ. ವಿಮಾನದಲ್ಲಿ ತೂಕ ಮಾತ್ರವಲ್ಲ, ಜಾಗಕ್ಕೂ ಬೆಲೆ. 6,000 ಘನ ಸೆಂಟಿಮೀಟರಿಗೆ ಒಂದು ಕಿಲೋ ಎಂದು ಎಣಿಸಿ, ನಿಜವಾದ ತೂಕ, ಜಾಗದ ತೂಕ ಎರಡರಲ್ಲಿ ಹೆಚ್ಚಿನದಕ್ಕೆ ಬಾಡಿಗೆ ಹಾಕುತ್ತಾರೆ. ನೂರು ಸೆಂಟಿಮೀಟರ್ ಉದ್ದ, ಐವತ್ತು ಅಗಲ, ಮೂವತ್ತು ಎತ್ತರದ ಗುಲಾಬಿ ಪೆಟ್ಟಿಗೆ ತಕ್ಕಡಿಯಲ್ಲಿ 15 ಕಿಲೋ ತೂಗಿದರೂ ಬಾಡಿಗೆ 25 ಕಿಲೋಗೆ. ಹಗುರವಾದ ಹೂವು ರೈತನಿಗೆ ಭಾರವಾಗುವುದು ಹೀಗೆ.

ಸೋತದ್ದೆಲ್ಲಿ?

ಯಶವಂತಪುರದ ಮಾರುಕಟ್ಟೆಗೆ ಈರುಳ್ಳಿ ತರುವ ಲಾರಿಯ ಮಾಲೀಕನನ್ನು ಕೇಳಿದರೆ ಮೊದಲ ಪಾಠ ಅವನೇ ಹೇಳಿಯಾನು: ಲಾಭವಿರುವುದು ರಿಟರ್ನ್ ಲೋಡಿನಲ್ಲಿ. ಪ್ರಯಾಣಿಕ ಹೋದವನು ಮರಳಿ ಬರುತ್ತಾನೆ, ಪೆಟ್ಟಿಗೆ ಬರುವುದಿಲ್ಲ. ಕಾರ್ಖಾನೆಗಳಿರುವ ಊರಿನಿಂದ ತುಂಬಿ ಹೋದ ವಿಮಾನ, ಕೊಳ್ಳುವವರಷ್ಟೇ ಇರುವ ಊರಿನಿಂದ ಬರಿದಾಗಿ ಮರಳುತ್ತದೆ. ಇಂಧನ, ಇಳಿಗಾಣಿಕೆ, ಪೈಲಟ್ ಸಂಬಳ ಎರಡೂ ಕಡೆಗೆ ಒಂದೇ.

ಎರಡನೆಯದು, ಅಗ್ಗದ ಟಿಕೆಟ್ ಇಟ್ಟರೆ ಪ್ರಯಾಣಿಕ ತಾನೇ ವಿಮಾನ ನಿಲ್ದಾಣಕ್ಕೆ ನಡೆದು ಬರುತ್ತಾನೆ. ಪೆಟ್ಟಿಗೆಗೆ ಕಾಲಿಲ್ಲ. ಅದನ್ನು ತರಲು ಹುಡುಗರು, ವ್ಯಾನು, ಗೋದಾಮು, ರಸೀದಿ, ಮತ್ತೊಂದು ಊರಿನಲ್ಲೂ ಅಷ್ಟೇ ವ್ಯವಸ್ಥೆ ಬೇಕು. ವಿಮಾನದ ಉದ್ಯಮ ಎಂದು ಕಾಣುವುದು ಅರ್ಧಕ್ಕರ್ಧ ನೆಲದ ಉದ್ಯಮ. ಬ್ಲೂ ಡಾರ್ಟ್ 1983ರಿಂದ ಕೊರಿಯರ್ ಸೇವೆ ನಡೆಸಿ, ಗಿರಾಕಿಗಳನ್ನು ಗಳಿಸಿ, 1996ರಲ್ಲಿ ಸ್ವಂತ ಬೋಯಿಂಗ್ 737 ಸರಕು ವಿಮಾನಗಳನ್ನು ಹಾರಿಸಿತು. ಮೊದಲು ಪೆಟ್ಟಿಗೆ, ಆಮೇಲೆ ವಿಮಾನ. ಡೆಕ್ಕನ್ 360 ಎರಡನ್ನೂ ಒಟ್ಟಿಗೆ ಕಟ್ಟಹೊರಟಿತು. ವಿಮಾನದ ಬಾಡಿಗೆ ಮೊದಲ ದಿನದಿಂದಲೇ ಓಡುತ್ತದೆ, ಗಿರಾಕಿಯ ನಂಬಿಕೆ ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ.

ಮೂರನೆಯದು, ಪ್ರಯಾಣಿಕ ವಿಮಾನದ ಹೊಟ್ಟೆ. ಸೀಟಿನ ಕೆಳಗಿನ ಸಾಮಾನಿನ ಕೋಣೆಯಲ್ಲಿ ಲಗೇಜು ಹೋಗಿ ಉಳಿದ ಜಾಗವನ್ನು ಸಂಸ್ಥೆಗಳು ಸಿಕ್ಕಷ್ಟಕ್ಕೆ ಮಾರುತ್ತವೆ. ಹಾರಾಟದ ಖರ್ಚನ್ನು ಮೇಲಿನ ಪ್ರಯಾಣಿಕರು ಕೊಟ್ಟಾಗಿರುತ್ತದೆ. ಆ ದರದೊಡನೆ ಸರಕಿಗೆಂದೇ ಹಾರುವ ವಿಮಾನ ಸೆಣಸುವುದು ಕಷ್ಟ. ಹೆಚ್ಚು ಜನ ಹಾರಿದಷ್ಟೂ ಹೊಟ್ಟೆಗಳು ಹೆಚ್ಚುತ್ತವೆ. ಜನರನ್ನು ಹಾರಲು ಕಲಿಸಿದ ಏರ್ ಡೆಕ್ಕನ್ನಿನ ಯಶಸ್ಸೇ ಡೆಕ್ಕನ್ 360ಕ್ಕೆ ಸ್ಪರ್ಧಿಗಳನ್ನು ಬೆಳೆಸಿತ್ತು ಎಂದರೆ ತಪ್ಪಾಗದು.

ಬಿತ್ತಿದ್ದು ಒಬ್ಬರು, ಕೊಯ್ದದ್ದು ಹಲವರು

ಹಾಗೆಂದು ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೆಂಗಳೂರನ್ನೇ ನೆಲೆಯಾಗಿಸಿಕೊಂಡ ಕ್ವಿಕ್‌ಜೆಟ್ 2010ರಲ್ಲಿ ಎಟಿಆರ್ ವಿಮಾನಗಳಿಂದ ಆರಂಭಿಸಿ, ನಿಂತು, 2016ರಲ್ಲಿ ಬೋಯಿಂಗ್ 737ರೊಡನೆ ಮತ್ತೆ ಎದ್ದಿತು. 2018ರ ಸೆಪ್ಟೆಂಬರ್‌ನಲ್ಲಿ ಸ್ಪೈಸ್‌ಜೆಟ್ ಸರಕಿಗೆಂದೇ ಸ್ಪೈಸ್‌ಎಕ್ಸ್‌ಪ್ರೆಸ್ ಸೇವೆ ತೆರೆಯಿತು. 2023ರ ಜನವರಿಯಲ್ಲಿ ಅಮೆಜಾನ್ ಭಾರತದಲ್ಲಿ ಸರಕು ವಿಮಾನ ಸೇವೆ ಘೋಷಿಸಿದಾಗ ಅದರ ವಿಮಾನಗಳನ್ನು ಹಾರಿಸುವ ಹೊಣೆ ಹೊತ್ತದ್ದು ಇದೇ ಕ್ವಿಕ್‌ಜೆಟ್. ಈ ಸಲ ಪೆಟ್ಟಿಗೆಗಳು ಮೊದಲೇ ಗೋದಾಮಿನಲ್ಲಿ ಕಾದಿದ್ದವು, ವಿಮಾನ ಆಮೇಲೆ ಬಂತು.

ಈ ನಡುವೆ 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆದು ನಗರದ ಆಕಾಶವೇ ಉತ್ತರಕ್ಕೆ ತಿರುಗಿತ್ತು. 2020ರಲ್ಲಿ ಕೊರೊನಾ ಬಂದು ಪ್ರಯಾಣಿಕ ವಿಮಾನಗಳು ನಿಂತಾಗ, ಅವುಗಳ ಹೊಟ್ಟೆಯೂ ಮಾಯವಾಯಿತು. ಆಗ ಔಷಧ, ವೈದ್ಯಕೀಯ ಸಲಕರಣೆ ಸಾಗಿಸಲು ಸರಕು ವಿಮಾನಗಳೇ ಗತಿಯಾದವು. ಯಾರಿಗೂ ಬೇಡವಾಗಿದ್ದ ಕಿಟಕಿಯಿಲ್ಲದ ವಿಮಾನದ ಬೆಲೆ ಆ ತಿಂಗಳುಗಳಲ್ಲಿ ತಿಳಿಯಿತು. 2024-25ರಲ್ಲಿ ಬೆಂಗಳೂರು ನಿಲ್ದಾಣದ ಸರಕು 5 ಲಕ್ಷ ಟನ್ ದಾಟಿತು. 2024ರ ಪ್ರೇಮಿಗಳ ದಿನದ ಹೊತ್ತಿಗೆ ಇಲ್ಲಿಂದ ಸಾಗಿದ ಗುಲಾಬಿಗಳೇ ಸುಮಾರು 2.9 ಕೋಟಿ.

ಇದರಲ್ಲಿ ರೈತನ ಪಾಲೇನು ಎಂಬುದು ಉಳಿದಿರುವ ಪ್ರಶ್ನೆ. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಹಸಿರುಮನೆಯಲ್ಲಿ ಕತ್ತರಿಸಿದ ಗುಲಾಬಿಗೆ ಆಯುಷ್ಯ ಕೆಲವೇ ದಿನ. ಹೆಬ್ಬಾಳದ ಅಂತಾರಾಷ್ಟ್ರೀಯ ಪುಷ್ಪ ಹರಾಜು ಕೇಂದ್ರದಲ್ಲಿ ಕೂಗುವ ಬೆಲೆ, ಆ ಹೊತ್ತು ಯಾವ ವಿಮಾನದಲ್ಲಿ ಎಷ್ಟು ಜಾಗ ಎಂಬುದರ ಮೇಲೂ ನಿಂತಿರುತ್ತದೆ. ಜಾಗ ಸಿಕ್ಕರೆ ಹೂವು ಹೊರದೇಶಕ್ಕೆ, ಸಿಗದಿದ್ದರೆ ಊರ ಮಾರುಕಟ್ಟೆಗೆ. ಬೆಳೆದವನ ಕೈಯಲ್ಲಿ ಆ ತೀರ್ಮಾನ ಇಲ್ಲ. ವಿಮಾನ ಇಂಧನ ಇನ್ನೂ ಜಿಎಸ್‌ಟಿಯ ಹೊರಗಿದೆ, ರಾಜ್ಯ ರಾಜ್ಯಕ್ಕೂ ಅದರ ಮೇಲಿನ ತೆರಿಗೆ ಬೇರೆ. ಆ ಹೊರೆ ಕೊನೆಗೆ ಇಳಿಯುವುದು ಪೆಟ್ಟಿಗೆಯ ಬಾಡಿಗೆಯ ಮೇಲೆಯೇ.

ಡೆಕ್ಕನ್ 360ರ ಯೋಚನೆ ತಪ್ಪಾಗಿರಲಿಲ್ಲ ಎಂಬುದನ್ನು ಆಮೇಲಿನ ವರ್ಷಗಳು ತೋರಿಸಿವೆ. ಅದರ ಲೆಕ್ಕ ತಪ್ಪಿತ್ತು, ಕಾಲವೂ ಕೂಡಿ ಬರಲಿಲ್ಲ. ಸಣ್ಣ ಊರಿನ ಬೆಳೆಗಾರನ ಪೆಟ್ಟಿಗೆಗೆ ವಿಮಾನ ಕೊಡಬೇಕೆಂಬ ಮಾತು ಅಲ್ಲಿಂದ ಹೊರಟಿತು. ಈಗ ವಿಮಾನಗಳು ಬಂದಿವೆ, ದೊಡ್ಡ ಕಂಪನಿಗಳ ಪೆಟ್ಟಿಗೆಗಳೂ ಬಂದಿವೆ. ಸಣ್ಣವರ ಸರದಿ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ.