ಆಂಟೆನಾದ ತಪ್ಪು, ಅಧಿಕಾರಿಯ ತಲೆದಂಡ



ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ ಇಳಿಸಿಕೊಳ್ಳಿ. ಸೆಲ್ ಹಾಕಿ, ಏರಿಯಲ್ ಎಳೆದು, ಸ್ವಲ್ಪ ದೂರದ ಒಂದು ಎಫ್.ಎಂ. ಕೇಂದ್ರಕ್ಕೆ ತಿರುಗಿಸಿ. ಈಗ ಆ ಏರಿಯಲ್ಲನ್ನು ಕೈಯಿಂದ ಮೆಲ್ಲಗೆ ಹಿಡಿದು ನೋಡಿ. ಧ್ವನಿ ಒಮ್ಮೆ ಸ್ಪಷ್ಟವಾಗುತ್ತದೆ, ಒಮ್ಮೆ ಕರಕರ ಎನ್ನುತ್ತದೆ. ನಿಮ್ಮ ದೇಹ ಉಪ್ಪುನೀರು ತುಂಬಿದ ಒಂದು ಚೀಲವೆಂದೇ ರೇಡಿಯೋ ಅಲೆಗಳ ಲೆಕ್ಕ. ಅದು ಅಲೆಯನ್ನು ಹೀರಿಕೊಳ್ಳುತ್ತದೆ. ಆಂಟೆನಾಕ್ಕೆ ತಗುಲಿದರೆ ಅದರ ಶ್ರುತಿಯನ್ನೇ ಬದಲಿಸಿಬಿಡುತ್ತದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಭಾನುವಾರದ ಸಂಜೆ ಕನ್ನಡ ಚಲನಚಿತ್ರ ಬರುವ ಹೊತ್ತಿಗೆ ನಮ್ಮಪ್ಪ ತಾರಸಿ ಹತ್ತುತ್ತಿದ್ದರು. ಮೇಲಿನಿಂದ ಅವರು "ಬಂತಾ?" ಎನ್ನುವುದು, ಕೆಳಗಿನಿಂದ ನಾವು "ಬಂತು ಬಂತು, ಅಯ್ಯೋ ಹೋಯ್ತು" ಎನ್ನುವುದು. ಅಪ್ಪ ಕಂಬ ಹಿಡಿದಿದ್ದಾಗ ಚೆನ್ನಾಗಿದ್ದ ಚಿತ್ರ, ಅವರು ಕೈಬಿಟ್ಟು ಮೆಟ್ಟಿಲಿಳಿಯುವಷ್ಟರಲ್ಲಿ ಮಂಜಾಗಿಬಿಡುತ್ತಿತ್ತು. ಮುಂದೆ ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದಾಗಲೇ ಇದಕ್ಕೆ ಕಾರಣ ಗೊತ್ತಾದದ್ದು. ಆದರೆ ಗೊತ್ತಿರುವುದಕ್ಕೂ ಗೊತ್ತಿದ್ದಂತೆ ನಡೆದುಕೊಳ್ಳುವುದಕ್ಕೂ ಅಂತರವಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಇದೇ ಸಣ್ಣ ಸಂಗತಿ 2010ರಲ್ಲಿ ಅಮೆರಿಕದ ಆಪಲ್ ಸಂಸ್ಥೆಯನ್ನು ಪೇಚಿಗೆ ಸಿಲುಕಿಸಿತು. ಎರಡು ತಿಂಗಳೊಳಗೆ ಅದರ ಒಬ್ಬ ಹಿರಿಯ ಅಧಿಕಾರಿ ಹುದ್ದೆ ಬಿಟ್ಟು ಹೋದರು.

ಆ ವರ್ಷದ ಜೂನ್ 7ರಂದು ಸಂಸ್ಥೆಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಐಫೋನ್ 4 ಎಂಬ ಹೊಸ ಫೋನನ್ನು ಲೋಕಕ್ಕೆ ತೋರಿಸಿದರು. ಮುಂದೆ ಗಾಜು, ಹಿಂದೆ ಗಾಜು, ನಡುವೆ ಸುತ್ತಲೂ ತುಕ್ಕುಹಿಡಿಯದ ಉಕ್ಕಿನ ಒಂದು ಪಟ್ಟಿ. ಆ ಪಟ್ಟಿಯೇ ಫೋನಿನ ಆಂಟೆನಾ! ಸಾಮಾನ್ಯವಾಗಿ ಫೋನಿನ ಹೊಟ್ಟೆಯೊಳಗೆ ಅಡಗಿರುವ ಆಂಟೆನಾವನ್ನು ಹೊರಗೆ ತಂದು ಅದನ್ನೇ ಚೌಕಟ್ಟಾಗಿಸಿದ್ದರು. ಒಳಗೆ ಜಾಗ ಉಳಿಯಿತು, ಫೋನು ತೆಳ್ಳಗಾಯಿತು, ನೋಡಲು ಆಭರಣದಂತಾಯಿತು. ಪಟ್ಟಿಯಲ್ಲಿ ಅಲ್ಲಲ್ಲಿ ಕೂದಲೆಳೆಯಂಥ ಸೀಳುಗಳು. ಒಂದು ಭಾಗ ಮಾತಿಗೆ, ಅಂದರೆ ಟವರಿನೊಂದಿಗಿನ ಸಂಪರ್ಕಕ್ಕೆ. ಇನ್ನೊಂದು ಭಾಗ ವೈ-ಫೈ, ಬ್ಲೂಟೂತ್, ಜಿ.ಪಿ.ಎಸ್.ಗೆ.

ಈ ಎರಡು ಭಾಗಗಳನ್ನು ಬೇರ್ಪಡಿಸುವ ಒಂದು ಸೀಳು ಫೋನಿನ ಎಡಬದಿಯ ಕೆಳಭಾಗದಲ್ಲಿತ್ತು. ನಿಮ್ಮ ಎಡಗೈಯಲ್ಲಿ ಫೋನು ಹಿಡಿದಂತೆ ಮಾಡಿ ನೋಡಿ. ಅಂಗೈಯ ದಿಂಡು ತಗಲುವ ಜಾಗ ಯಾವುದು? ಸರಿಯಾಗಿ ಅದೇ.

ಆಂಟೆನಾದ ಉದ್ದಕ್ಕೂ ಅಲೆಯ ಉದ್ದಕ್ಕೂ ನಂಟಿದೆ. ಅಮೆರಿಕದಲ್ಲಿ ಆ ಫೋನು ಬಳಸುತ್ತಿದ್ದ 850 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. 1900ರಲ್ಲಿ ಸುಮಾರು 16. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ನಿಮಗೇ ಸಿಗುವ ಲೆಕ್ಕ ಇದು, ಮಾಡಿ ನೋಡಿ. ಲೋಹದ ಉದ್ದವನ್ನು ಈ ಅಳತೆಗೆ ತಕ್ಕಂತೆ ಹೊಂದಿಸಿರುತ್ತಾರೆ. ಬೆವರಿದ ಕೈಯೊಂದು ಸೀಳಿನ ಮೇಲೆ ಕುಳಿತು ಎರಡು ತುಂಡುಗಳನ್ನು ಜೋಡಿಸಿದರೆ ಆ ಹೊಂದಾಣಿಕೆ ಕೆಡುತ್ತದೆ. ಜೊತೆಗೆ ಕೈ ತನ್ನ ಪಾಲನ್ನು ಹೀರಿಕೊಳ್ಳುತ್ತದೆ.

ಜೂನ್ 24ರಂದು ಫೋನು ಮಾರಾಟಕ್ಕೆ ಬಂತು. ಮೊದಲ ಮೂರು ದಿನಗಳಲ್ಲಿ 17 ಲಕ್ಷ ಫೋನುಗಳು ಹೋದವು. ಅಂದಿನಿಂದಲೇ ದೂರುಗಳೂ ಬಂದವು: ಹಿಡಿದ ಕೂಡಲೇ ಸಿಗ್ನಲ್ಲಿನ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತವೆ, ಕರೆ ಕಡಿದುಹೋಗುತ್ತದೆ. ದೂರಿದ ಒಬ್ಬರಿಗೆ ಜಾಬ್ಸ್ ಕೊಟ್ಟ ಉತ್ತರದ ಸಾರಾಂಶ, ಹಾಗೆ ಹಿಡಿಯಬೇಡಿ ಎಂಬುದು. ಈ ಉತ್ತರ ಜಗತ್ತಿನಾದ್ಯಂತ ನಗೆಪಾಟಲಾಯಿತು.

ಎರಡನೆಯ ಅಧ್ಯಾಯ ಇನ್ನೂ ಸ್ವಾರಸ್ಯದ್ದು. ಅಮೆರಿಕದ ಇಬ್ಬರು ತಾಂತ್ರಿಕ ವಿಮರ್ಶಕರು ಉಪಕರಣದೊಂದಿಗೆ ಕುಳಿತು ಅಳೆದರು. ಫೋನನ್ನು ಬಿಗಿಯಾಗಿ ಹಿಡಿದಾಗ ಸಿಗ್ನಲ್ ಸುಮಾರು 24 ಡೆಸಿಬೆಲ್ ಇಳಿಯುತ್ತಿತ್ತು. ಪ್ರತಿ 10 ಡೆಸಿಬೆಲ್ಲಿಗೆ ಹತ್ತು ಪಟ್ಟು ಎಂಬುದು ನಿಮಗೆ ಗೊತ್ತು. 24 ಎಂದರೆ ಸುಮಾರು 250 ಪಟ್ಟು ಇಳಿತ. ಹಾಗಿದ್ದರೂ ಕೆಲವರಿಗೆ ಐದು ಕಡ್ಡಿಗಳಲ್ಲಿ ಒಂದೂ ಕದಲುತ್ತಿರಲಿಲ್ಲ, ಕೆಲವರಿಗೆ ಐದೂ ಮಾಯವಾಗುತ್ತಿದ್ದವು. ಯಾಕೆ? ಸಿಗ್ನಲ್ಲನ್ನು ಅಳೆಯುವ ಮಾನದಲ್ಲಿ ಮೈನಸ್ 51ರಿಂದ ಮೈನಸ್ 91ರವರೆಗೆ ಎಲ್ಲಿದ್ದರೂ ಆ ಫೋನು ಐದು ಕಡ್ಡಿ ತೋರಿಸುತ್ತಿತ್ತು. ಉಳಿದ ನಾಲ್ಕು ಕಡ್ಡಿಗಳು ಮೈನಸ್ 91ರಿಂದ ಮೈನಸ್ 113ರೊಳಗಿನ ಇಕ್ಕಟ್ಟಿನಲ್ಲಿ ಒತ್ತಿಕೊಂಡಿದ್ದವು. ಐದು ಕಡ್ಡಿಯ ಅಂಗಳದ ಅಂಚಿನಲ್ಲಿ ನಿಂತವನನ್ನು 24 ಡೆಸಿಬೆಲ್ ಕೆಳಗೆ ತಳ್ಳಿದರೆ ಅವನು ನೇರ ಬಾವಿಗೇ ಬೀಳುತ್ತಾನೆ.

ಜುಲೈ 2ರಂದು ಆಪಲ್ ಇದನ್ನು ಒಪ್ಪಿಕೊಂಡಿತು, ಆದರೆ ತನ್ನದೇ ರೀತಿಯಲ್ಲಿ. ಕಡ್ಡಿಗಳನ್ನು ಲೆಕ್ಕ ಹಾಕುವ ಸೂತ್ರವೇ ತಪ್ಪಾಗಿತ್ತು, ಎಷ್ಟೋ ಕಡೆ ಇರಬೇಕಾದ್ದಕ್ಕಿಂತ ಎರಡು ಕಡ್ಡಿ ಹೆಚ್ಚಿಗೆ ತೋರಿಸುತ್ತಿದ್ದೆವು ಎಂದಿತು. ಮಾಪಕದ ತಪ್ಪನ್ನು ಹೇಳಿದರೇ ಹೊರತು ಆಂಟೆನಾದ ಸುದ್ದಿ ಎತ್ತಲಿಲ್ಲ. ಜುಲೈ 12ರಂದು ಗ್ರಾಹಕರ ಪರವಾಗಿ ವಸ್ತುಗಳನ್ನು ಪರೀಕ್ಷಿಸುವ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ, ನಮ್ಮ ಪ್ರಯೋಗಾಲಯದಲ್ಲಿ ದೋಷ ಕಂಡಿದೆ, ಈ ಫೋನನ್ನು ಕೊಳ್ಳಿರೆಂದು ಶಿಫಾರಸು ಮಾಡಲಾರೆವು ಎಂದು ಬರೆಯಿತು. ನಾಲ್ಕೇ ದಿನಗಳಲ್ಲಿ, ಜುಲೈ 16ರಂದು, ಜಾಬ್ಸ್ ಪತ್ರಿಕಾಗೋಷ್ಠಿ ಕರೆದರು.

ನಾವು ಪರಿಪೂರ್ಣರಲ್ಲ ಎಂದು ಒಪ್ಪಿಕೊಂಡರು. ಜೊತೆಗೇ ಅಂಕಿಗಳನ್ನೂ ಮುಂದಿಟ್ಟರು. ಮೂರು ವಾರಗಳಲ್ಲಿ ಮಾರಾಟವಾದದ್ದು 30 ಲಕ್ಷಕ್ಕೂ ಹೆಚ್ಚು. ಆಂಟೆನಾದ ಬಗ್ಗೆ ದೂರು ಹೇಳಿದವರು ಶೇಕಡಾ 0.55, ಫೋನು ಹಿಂತಿರುಗಿಸಿದವರು ಶೇಕಡಾ 1.7, ಹಿಂದಿನ ಮಾದರಿಯಲ್ಲಾದರೆ ಅದು ಶೇಕಡಾ 6. ಬೇರೆ ಕಂಪನಿಗಳ ಫೋನುಗಳನ್ನು ಹಿಡಿದಾಗಲೂ ಕಡ್ಡಿಗಳು ಇಳಿಯುವುದನ್ನು ಪರದೆಯ ಮೇಲೆ ತೋರಿಸಿದರು. 10 ಕೋಟಿ ಡಾಲರಿಗೂ ಹೆಚ್ಚು ವೆಚ್ಚದಲ್ಲಿ ಕಟ್ಟಿದ ತಮ್ಮ ಪ್ರಯೋಗಾಲಯದಲ್ಲಿ ಪ್ರತಿಧ್ವನಿಯಿಲ್ಲದ 17 ಕೋಣೆಗಳಿವೆ ಎಂದರು. ಕೊನೆಗೆ, 29 ಡಾಲರಿಗೆ ಮಾರುತ್ತಿದ್ದ ರಬ್ಬರಿನಂಥ ಹೊರಕವಚವನ್ನು ಎಲ್ಲರಿಗೂ ಉಚಿತವಾಗಿ ಕೊಡುವುದಾಗಿ ಘೋಷಿಸಿದರು. ಕವಚ ಹಾಕಿದರೆ ಕೈ ಉಕ್ಕಿಗೆ ತಗಲುವುದಿಲ್ಲ. ಇಷ್ಟೇ ಪರಿಹಾರ!

ವೇದಿಕೆಯ ಮೇಲೆ ಪ್ರಶ್ನೆಗಳಿಗೆ ಉತ್ತರಿಸಲು ಜಾಬ್ಸ್ ಜೊತೆ ಟಿಮ್ ಕುಕ್ ಮತ್ತು ಬಾಬ್ ಮ್ಯಾನ್ಸ್‌ಫೀಲ್ಡ್ ಇದ್ದರು. ಐಫೋನಿನ ಯಂತ್ರಭಾಗದ ಮುಖ್ಯಸ್ಥರಾಗಿದ್ದ ಮಾರ್ಕ್ ಪೇಪರ್‌ಮಾಸ್ಟರ್ ಅವರ ಪಕ್ಕದಲ್ಲಿರಲಿಲ್ಲ. ಆಗಸ್ಟ್ 7ರಂದು ಅವರು ಸಂಸ್ಥೆ ಬಿಡುತ್ತಿರುವ ಸುದ್ದಿ ಬಂತು. ಅವರ ಹೊಣೆಯನ್ನು ಮ್ಯಾನ್ಸ್‌ಫೀಲ್ಡ್ ವಹಿಸಿಕೊಳ್ಳುತ್ತಾರೆ ಎಂದಷ್ಟೇ ಆಪಲ್ ಹೇಳಿತು. ತಾವಾಗಿ ಹೊರಟರೋ, ಹೊರಡಿಸಿದರೋ, ಆಂಟೆನಾ ಕಾರಣವೋ ಅಲ್ಲವೋ, ಒಂದನ್ನೂ ಹೇಳಲಿಲ್ಲ. ಅವರು ಸಂಸ್ಥೆಯ ರೀತಿಗೆ ಒಗ್ಗಲಿಲ್ಲ, ಜಾಬ್ಸರ ವಿಶ್ವಾಸವನ್ನು ಮೊದಲೇ ಕಳೆದುಕೊಂಡಿದ್ದರು ಎಂದೂ ಪತ್ರಿಕೆಗಳಲ್ಲಿ ವರದಿಯಾಯಿತು. ಜನ ಮಾತ್ರ ಒಂದೇ ಮಾತಿನಲ್ಲಿ ತೀರ್ಮಾನಿಸಿಬಿಟ್ಟರು: ಆಂಟೆನಾಕ್ಕೆ ತಲೆದಂಡವಾಯಿತು.

ಈ ಮನುಷ್ಯನ ಕಥೆ ಕೇಳಿ. ಐ.ಬಿ.ಎಂ. ಸಂಸ್ಥೆಯಲ್ಲಿ 26 ವರ್ಷ ದುಡಿದಿದ್ದರು, ಪವರ್ ಎಂಬ ಸಂಸ್ಕಾರಕ ಚಿಪ್ಪುಗಳ ತಜ್ಞ. 2008ರಲ್ಲಿ ಅವರನ್ನು ಆಪಲ್ ಕರೆದಾಗ ಐ.ಬಿ.ಎಂ. ನ್ಯಾಯಾಲಯಕ್ಕೆ ಹೋಯಿತು, ನಮ್ಮ ಗುಟ್ಟುಗಳೆಲ್ಲ ಇವರ ತಲೆಯಲ್ಲಿವೆ, ಬಿಡುವುದಿಲ್ಲ ಎಂದಿತು. ನ್ಯಾಯಾಲಯ ತಡೆಯಾಜ್ಞೆಯನ್ನೂ ಕೊಟ್ಟಿತು. ರಾಜಿಯಾಗಿ ಅವರು ಆಪಲ್ ಸೇರಿದ್ದು 2009ರ ಏಪ್ರಿಲ್‌ನಲ್ಲಿ. ಫೋನು ಬಂದದ್ದು ಅದಾಗಿ ಹದಿನಾಲ್ಕು ತಿಂಗಳಿಗೆ.

ಹಾಗಾದರೆ ಉಕ್ಕಿನ ಪಟ್ಟಿಯನ್ನು ಆರಿಸಿದವರು ಯಾರು? ವಾಲ್ಟರ್ ಐಸಾಕ್ಸನ್ 2011ರಲ್ಲಿ ಪ್ರಕಟಿಸಿದ ಜಾಬ್ಸ್ ಜೀವನಚರಿತ್ರೆಯ ಪ್ರಕಾರ, ಅದು ವಿನ್ಯಾಸದ ಮುಖ್ಯಸ್ಥ ಜಾನಿ ಐವ್ ಅವರ ಆಸೆ, ಅದಕ್ಕೆ ಜಾಬ್ಸರ ಬೆಂಬಲವಿತ್ತು. ಲೋಹಕ್ಕೆ ಒಂದು ತೆಳು ಲೇಪ ಕೊಡೋಣ ಎಂದು ಎಂಜಿನಿಯರುಗಳು ಸೂಚಿಸಿದ್ದರು. ಉಜ್ಜಿದ ಉಕ್ಕಿನ ಚೆಲುವು ಕೆಡುತ್ತದೆಂದು ಐವ್ ಒಪ್ಪಲಿಲ್ಲ. ಸಂಸ್ಥೆಯ ಆಂಟೆನಾ ತಜ್ಞರೊಬ್ಬರು ಮೊದಲೇ ಎಚ್ಚರಿಸಿದ್ದರೆಂಬ ವರದಿ ಪತ್ರಿಕಾಗೋಷ್ಠಿಯ ಮುನ್ನಾದಿನ ಬಂದಿತ್ತು. ಜಾಬ್ಸ್ ಅದನ್ನು ಖಡಾಖಂಡಿತವಾಗಿ ಅಲ್ಲಗಳೆದರು. ಐವ್ 2019ರವರೆಗೂ ಆಪಲ್‌ನಲ್ಲೇ ಇದ್ದರು.

ಈಗ ನನ್ನ ಮಾತು. ಹಲವು ವರ್ಷಗಳ ಹಿಂದೆ ಒಂದು ಅಡಿಕೆ ತೋಟದಲ್ಲಿ ರೈತರೊಬ್ಬರ ಸಂದರ್ಶನ ಚಿತ್ರೀಕರಿಸುತ್ತಿದ್ದೆವು. ನಡೆಯುತ್ತ ಮಾತನಾಡುವ ದೃಶ್ಯ, ಹಾಗಾಗಿ ತಂತಿಯಿಲ್ಲದ ಕಾಲರ್ ಮೈಕ್. ಅದರ ಪುಟ್ಟ ಪೆಟ್ಟಿಗೆಯನ್ನು ಸೊಂಟಕ್ಕೆ ಸಿಕ್ಕಿಸಿರುತ್ತಾರೆ, ಅದರಿಂದ ಗೇಣುದ್ದದ ಒಂದು ತಂತಿ ಇಳಿಬಿದ್ದಿರುತ್ತದೆ. ಅದೇ ಆಂಟೆನಾ. ಹಿಂದಿನಿಂದ ತೆಗೆಯುವ ದೃಶ್ಯದಲ್ಲಿ ಆ ತಂತಿ ಬಾಲದಂತೆ ಕಾಣುತ್ತಿತ್ತು. ಪಂಚೆಯೊಳಗೆ ಸೇರಿಸಿ ಎಂದೆ. ನಮ್ಮ ಧ್ವನಿಮುದ್ರಕರು ವಯಸ್ಸಿನಲ್ಲಿ ನನಗಿಂತ ಹಿರಿಯರು. "ಮೈಗೆ ಅಂಟಿದ್ರೆ ಸಿಗ್ನಲ್ ತಿನ್ನುತ್ತೆ ಮೇಡಂ, ಹೊರಗೇ ಇರಲಿ" ಎಂದರು. "ಅಷ್ಟೇನೂ ಆಗಲ್ಲ ಬಿಡಿ" ಎಂದೆ. ಭೌತಶಾಸ್ತ್ರದ ಪದವಿ ಇದ್ದದ್ದು ನನಗೆ!

ಆ ಹಿರಿಯ ರೈತರು ತಮ್ಮ ತಾಯಿ ನೆಟ್ಟ ಮರಗಳ ನಡುವೆ ನಿಂತು ಹೇಳಿದ ಒಳ್ಳೆಯ ಮಾತುಗಳೆಲ್ಲ ಕರಕರ ಸದ್ದಿನಲ್ಲಿ ಮುಳುಗಿಹೋದವು. ಮತ್ತೆ ಹೇಳಿಸಿದಾಗ ಅವರ ದನಿಯಲ್ಲಿ ಮೊದಲಿನ ಜೀವವಿರಲಿಲ್ಲ. ವರದಿಯಲ್ಲಿ 'ಧ್ವನಿ ದೋಷ' ಎಂದು ಬರೆಯಲಾಯಿತು. ಧ್ವನಿಯ ದೋಷವಾದರೆ ಧ್ವನಿಯವರದೇ ಹೊಣೆ ತಾನೆ? ಅವರನ್ನು ಹೊರಾಂಗಣ ಕೆಲಸದಿಂದ ತೆಗೆದರು. ಸಭೆಯಲ್ಲಿ ನಾನೂ ಕುಳಿತಿದ್ದೆ. ಬಾಯಿ ಬಿಡಲಿಲ್ಲ. ತಿಂಗಳೊಳಗೆ ಅವರ ಜಾಗಕ್ಕೆ ಬಂದ ಹುಡುಗನಿಗೂ ನಾನು ತಂತಿ ಕಾಣದಂತೆ ಕಟ್ಟು ಎಂದೇ ಹೇಳುತ್ತಿದ್ದೆ ಎಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಆದ್ದರಿಂದಲೇ ಇಂಥ ಸುದ್ದಿ ಓದಿದಾಗ ಹೋದವರು ಯಾರು ಎಂಬುದಕ್ಕಿಂತ ಕಾರಣವನ್ನು ಯಾರಾದರೂ ಬಿಡಿಸಿ ಹೇಳಿದರೇ ಎಂದು ಹುಡುಕುತ್ತೇನೆ. 2012ರ ಸೆಪ್ಟೆಂಬರಿನಲ್ಲಿ ಇದೇ ಆಪಲ್ ತನ್ನ ಹೊಸ ನಕ್ಷೆಗಳನ್ನು ಐಫೋನಿಗೆ ತಂದಾಗ ಊರುಗಳೇ ಜಾಗ ಬದಲಿಸಿದ್ದವು. ಆಸ್ಟ್ರೇಲಿಯದ ಮಿಲ್ದೂರಾ ಪಟ್ಟಣಕ್ಕೆ ಹೊರಟವರನ್ನು ಅದು ಸುಮಾರು 70 ಕಿಲೋಮೀಟರ್ ದೂರದ ನೀರಿಲ್ಲದ ಕಾಡಿಗೆ ಕರೆದೊಯ್ಯುತ್ತಿದೆ ಎಂದು ಅಲ್ಲಿನ ಪೊಲೀಸರು ಎಚ್ಚರಿಸಬೇಕಾಯಿತು. ಜಾಬ್ಸರ ನಂತರ ಮುಖ್ಯಸ್ಥರಾಗಿದ್ದ ಕುಕ್ ತಮ್ಮ ಹೆಸರಿನಲ್ಲೇ ಕ್ಷಮೆ ಕೇಳಿದರು. ಅಕ್ಟೋಬರ್ 29ರಂದು ತಂತ್ರಾಂಶದ ಮುಖ್ಯಸ್ಥ ಸ್ಕಾಟ್ ಫೋರ್‌ಸ್ಟಾಲ್ ಹೊರಡುತ್ತಾರೆಂಬ ಪ್ರಕಟಣೆ ಬಂತು. ಕ್ಷಮಾಪತ್ರಕ್ಕೆ ಸಹಿ ಹಾಕಲು ಅವರು ಒಪ್ಪಲಿಲ್ಲವೆಂದು ಪತ್ರಿಕೆಗಳು ಬರೆದವು.

ಕೊರಿಯದ ಸ್ಯಾಮ್‌ಸಂಗ್ 2016ರಲ್ಲಿ ಬೇರೆ ದಾರಿ ಹಿಡಿಯಿತು. ಅದರ ಗ್ಯಾಲಕ್ಸಿ ನೋಟ್ 7 ಫೋನುಗಳು ಹೊತ್ತಿಕೊಂಡು ಉರಿದಾಗ ಮೊಬೈಲ್ ವಿಭಾಗದ ಮುಖ್ಯಸ್ಥ ಕೊ ಡಾಂಗ್-ಜಿನ್ ಜನರೆದುರು ತಲೆಬಾಗಿ ಕ್ಷಮೆ ಕೇಳಿದರು, ಹುದ್ದೆ ಬಿಡಲಿಲ್ಲ. ಎರಡು ಲಕ್ಷ ಫೋನುಗಳನ್ನೂ 30 ಸಾವಿರ ಬ್ಯಾಟರಿಗಳನ್ನೂ ಪರೀಕ್ಷಿಸಿ, ಎರಡು ಬೇರೆ ಬೇರೆ ತಯಾರಕರ ಬ್ಯಾಟರಿಗಳಲ್ಲಿ ಎರಡು ಬೇರೆ ಬೇರೆ ದೋಷಗಳಿದ್ದವೆಂದು 2017ರ ಜನವರಿಯಲ್ಲಿ ಚಿತ್ರಸಹಿತ ವಿವರಿಸಿದರು. ಅಷ್ಟು ದೊಡ್ಡ ಅನಾಹುತವಾದರೂ ಆ ಮುಖ್ಯಸ್ಥರು ಹೋಗಲಿಲ್ಲವಲ್ಲ ಎಂದು ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆಯೇ. ಆದರೂ ನನ್ನ ಮನಸ್ಸು ಆ ಚಿತ್ರಸಹಿತ ವಿವರಣೆಯ ಕಡೆಗೇ ವಾಲುತ್ತದೆ.

ಪೇಪರ್‌ಮಾಸ್ಟರ್ ಏನಾದರು? ಕೆಲಕಾಲ ಸಿಸ್ಕೋ ಸಂಸ್ಥೆಯಲ್ಲಿದ್ದು 2011ರಲ್ಲಿ ಎ.ಎಂ.ಡಿ. ಸಂಸ್ಥೆಯ ಮುಖ್ಯ ತಂತ್ರಜ್ಞಾನ ಅಧಿಕಾರಿಯಾದರು. ಸೋತು ಸುಣ್ಣವಾಗಿದ್ದ ಆ ಸಂಸ್ಥೆ 2017ರಲ್ಲಿ ರೈಜೆನ್ ಚಿಪ್ಪುಗಳೊಂದಿಗೆ ಮತ್ತೆ ಎದ್ದು ನಿಂತಿತು. 2023ರ ಜುಲೈನಲ್ಲಿ ಗಾಂಧಿನಗರದ ಒಂದು ಸಮ್ಮೇಳನದಲ್ಲಿ, ಭಾರತದಲ್ಲಿ ಐದು ವರ್ಷಗಳಲ್ಲಿ 40 ಕೋಟಿ ಡಾಲರ್ ಹೂಡುತ್ತೇವೆ, ನಮ್ಮ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು ಬೆಂಗಳೂರಿನಲ್ಲಿ ತೆರೆಯುತ್ತೇವೆ ಎಂದು ಪ್ರಕಟಿಸಿದವರು ಅವರೇ. ಆ ಕೇಂದ್ರ ಅದೇ ವರ್ಷದ ನವೆಂಬರಿನಲ್ಲಿ ಆರಂಭವಾಯಿತು. ನಿಮ್ಮಲ್ಲಿ ಕೆಲವರು ನಾಳೆ ಅಲ್ಲಿ ಕೆಲಸಕ್ಕೆ ಸೇರಿದರೂ ಆಶ್ಚರ್ಯವಿಲ್ಲ.

ಇನ್ನು ಆಂಟೆನಾ. 2011ರ ಫೆಬ್ರವರಿಯಲ್ಲಿ ಅಮೆರಿಕದ ಇನ್ನೊಂದು ದೂರವಾಣಿ ಸಂಸ್ಥೆಗಾಗಿ ಬಂದ ಐಫೋನ್ 4ರಲ್ಲಿ ಸೀಳುಗಳ ಜಾಗ ಬದಲಾಗಿತ್ತು. ಅದೇ ಅಕ್ಟೋಬರಿನ 4ಎಸ್ ಮಾದರಿಯಲ್ಲಿ ಎರಡು ಆಂಟೆನಾಗಳಿದ್ದವು. ಒಂದನ್ನು ಕೈ ಮುಚ್ಚಿದರೆ ಫೋನು ತಾನಾಗಿ ಇನ್ನೊಂದಕ್ಕೆ ಹೊರಳುತ್ತಿತ್ತು. ಉಕ್ಕಿನ ಪಟ್ಟಿ ಹಾಗೇ ಉಳಿಯಿತು. ಲೋಹದ ಅಂಚಿನ ಫೋನು ನಿಮ್ಮ ಮನೆಯಲ್ಲಿದ್ದರೆ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಅಂಚಿನಲ್ಲಿ ಅಲ್ಲಲ್ಲಿ ತೆಳುವಾದ ಪ್ಲಾಸ್ಟಿಕ್ ಗೆರೆಗಳು ಕಾಣುತ್ತವೆ. ಎಷ್ಟಿವೆ, ನಿಮ್ಮ ಬೆರಳು ಯಾವುದರ ಮೇಲೆ ಕೂರುತ್ತದೆ, ಎಣಿಸಿ.