ತಂಡದಲ್ಲಿ ‘ನಾನು’
(ಸಂಘದ ವಾರ್ಷಿಕೋತ್ಸವದ ಕ್ರೀಡಾ ಬಹುಮಾನ ವಿತರಣೆಯ ಸಂದರ್ಭದಲ್ಲಿ ಮಾಡಿದ ಭಾಷಣ)



ನಲ್ವತ್ತು ವರ್ಷಗಳ ಹಿಂದೆ ಇಂತಹುದೇ ಒಂದು ಉತ್ಸವದ ಕಬಡ್ಡಿ ಪಂದ್ಯದಲ್ಲಿ ನಮ್ಮ ತಂಡ ಒಂದು ಅಂಕದಿಂದ ಮುಂದಿತ್ತು. ಉಳಿದಿದ್ದುದು ಕೆಲವೇ ಕ್ಷಣ. ‘ಮುಟ್ಟಲು ಹೋಗಬೇಡ, ಸುಮ್ಮನೆ ಹಿಂದಿರುಗು’ ಎಂದು ನಾಯಕರು ಹೇಳಿ ಕಳುಹಿದರು. ಚಪ್ಪಾಳೆಯ ಆಸೆಯಿಂದ ನಾನು ಒಳಕ್ಕೆ ನುಗ್ಗಿ ಸಿಕ್ಕಿಬಿದ್ದೆ. ಅಂಕಗಳು ಸಮವಾದವು, ಎದುರಾಳಿಗಳ ಮರುದಾಳಿಯಲ್ಲಿ ಪಂದ್ಯವೇ ಕೈಬಿಟ್ಟಿತು. ನಮ್ಮನ್ನು ಸೋಲಿಸಿದ್ದು ಎದುರಾಳಿಗಳ ಬಲವಲ್ಲ, ನನ್ನೊಳಗಿನ ‘ನಾನು’.

ಕೊಳದ ನೀರಿನಲ್ಲಿ ತನ್ನ ಬಿಂಬವನ್ನೇ ಕಂಡು ಮೋಹಗೊಂಡ ನಾರ್ಸಿಸಸ್ ಎಂಬ ತರುಣನ ಕಥೆ ಗ್ರೀಕರಲ್ಲಿದೆ. ಮನಶ್ಶಾಸ್ತ್ರಜ್ಞರು ಆತ್ಮಮೋಹಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ಹೊಗಳಿಕೆಯ ಹಸಿವು, ತನಗೇ ವಿಶೇಷ ಹಕ್ಕುಂಟೆಂಬ ಭಾವನೆ, ಪರರ ನೋವನ್ನು ಅರಿಯದಿರುವಿಕೆ ಇದರ ಲಕ್ಷಣಗಳು. ಇದು ರೋಗದ ಮಟ್ಟವನ್ನು ಮುಟ್ಟಿದೆಯೆ ಎಂದು ನಿರ್ಣಯಿಸುವುದು ವೈದ್ಯರ ಕೆಲಸ. ಇದರ ಛಾಯೆಯಾದರೋ ನಮ್ಮೆಲ್ಲರಲ್ಲಿಯೂ ಹೆಚ್ಚುಕಡಿಮೆ ಉಂಟು.

ಆತ್ಮಮೋಹಿಗಳು ಕೀರ್ತಿ ದೊರೆಯುವೆಡೆಯಲ್ಲಿ ಚೆನ್ನಾಗಿ ದುಡಿಯುತ್ತಾರೆ, ಅದು ದೊರೆಯದೆಡೆಯಲ್ಲಿ ಸಡಿಲಾಗುತ್ತಾರೆ ಎಂದು ಅಮೆರಿಕದ ವಾಲೇಸ್ ಮತ್ತು ಬೌಮೈಸ್ಟರ್ ಎಂಬ ವಿದ್ವಾಂಸರು 2002ರಲ್ಲಿ ತೋರಿಸಿದರು. ತಂಡದ ಆಟ ನಡೆಯುವುದಾದರೋ ಬಹುಮಟ್ಟಿಗೆ ಯಾರ ಕಣ್ಣಿಗೂ ಬೀಳದ ಕೆಲಸದಿಂದಲೇ! ಎಮಿಲಿ ಗ್ರಿಯಾಲ್ವ ಮತ್ತು ಸಂಗಡಿಗರು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡಗಳನ್ನು ಪರಿಶೀಲಿಸಿ 2020ರಲ್ಲಿ ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಆತ್ಮಮೋಹ ಕಡಿಮೆಯಿದ್ದ ತಂಡಗಳಲ್ಲಿ ಒಡನಾಟ ಬೆಳೆದಂತೆ ಹೊಂದಾಣಿಕೆಯೂ ಬೆಳೆಯಿತು; ಹೆಚ್ಚಿದ್ದ ತಂಡಗಳು ಒಡನಾಟದಿಂದ ಆ ಲಾಭವನ್ನು ಪಡೆಯಲಿಲ್ಲ. ಜೊತೆಯಲ್ಲಿ ಇದ್ದ ಮಾತ್ರಕ್ಕೆ ಜೊತೆಗಾರರಾಗುವುದಿಲ್ಲ ಎಂಬುದೇ ಇದರ ತಾತ್ಪರ್ಯ.

ಹಾಗೆಂದು ಆತ್ಮವಿಶ್ವಾಸವನ್ನು ಬಿಡಬೇಕಾಗಿಲ್ಲ. ಕರ್ನಾಟಕದ ರಾಹುಲ್ ದ್ರಾವಿಡರು 2003ರ ವಿಶ್ವಕಪ್ಪಿನಲ್ಲಿ, ತಂಡದಲ್ಲಿ ಮತ್ತೊಬ್ಬ ದಾಂಡಿಗನಿಗೆ ಎಡೆಯಾಗಲೆಂದು, ವಿಕೆಟ್ ಕೀಪರನ ಹೊರೆಯನ್ನೂ ಹೊತ್ತರು. ಭಾರತ ಅಂತಿಮ ಪಂದ್ಯದವರೆಗೆ ನಡೆಯಿತು. ತನ್ನ ಶಕ್ತಿಯನ್ನು ಬಲ್ಲವನಿಗೆ ಅದನ್ನು ತಂಡದ ಕೈಗೆ ಒಪ್ಪಿಸಲು ಅಂಜಿಕೆಯಿರುವುದಿಲ್ಲ.

ಈ ಮಾತು ಗಡಿನಾಡಿನ ನಮಗೆ ಇನ್ನೂ ಹತ್ತಿರದ್ದು. ನಮ್ಮ ಕನ್ನಡ ಶಾಲೆಗಳಲ್ಲಿ ಮಕ್ಕಳೇ ಕೆಲವರು. ಏಳು ಜನರ ಕಬಡ್ಡಿ ತಂಡದಿಂದ ಇಬ್ಬರು ಮುನಿಸಿಕೊಂಡು ಹೊರನಡೆದರೆ, ಅವರ ಸ್ಥಾನಕ್ಕೆ ಕರೆತರಲು ಬೇರೆಯವರಿಲ್ಲ. ಶಾಲೆಯ ಹೆಸರೇ ಕಣದಿಂದ ಅಳಿಯುತ್ತದೆ. ಒಬ್ಬನ ಮೆರವಣಿಗೆಗಾಗಿ ಆರು ಜನರನ್ನು ಕಳೆದುಕೊಳ್ಳುವಷ್ಟು ಸಿರಿವಂತರು ನಾವಲ್ಲ.

ತಾಯ್ತಂದೆಗಳಲ್ಲಿ ನನ್ನದೊಂದು ಬಿನ್ನಹ. ಮಗು ಮನೆಗೆ ಬಂದಾಗ ‘ನೀನೆಷ್ಟು ಅಂಕ ಗಳಿಸಿದೆ?’ ಎಂದಷ್ಟೇ ಕೇಳಬೇಡಿರಿ. ‘ಇಂದು ನಿನಗೆ ನೆರವಾದವರು ಯಾರು? ನೀನು ಯಾರಿಗೆ ನೆರವಾದೆ?’ ಎಂದೂ ಕೇಳಿರಿ. ಅಂದು ನನ್ನನ್ನು ಯಾರಾದರೂ ಹೀಗೆ ಕೇಳಿ ಬೆಳೆಸಿದ್ದರೆ, ನಾಯಕರ ಮಾತು ನನ್ನ ಕಿವಿಗೆ ಬೀಳುತ್ತಿತ್ತೇನೋ!