ರೇಷ್ಮೆ ಸಾಕುವ ಮನೆಗಳಲ್ಲಿ ಸೊಳ್ಳೆಯ ನಿವಾರಣೆ



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವೆಲ್ಲಾ ಹರಿಯುವ ಹೊಳೆಯಿಲ್ಲ. ಆದಕಾರಣ ತೊಟ್ಟಿ, ಹಂಡೆ, ಪೀಪಾಯಿಗಳಲ್ಲಿ ನೀರನ್ನು ಕೂಡಿಟ್ಟುಕೊಳ್ಳುವುದು ಮನೆಮನೆಯ ವಾಡಿಕೆ. ಹಗಲಿನಲ್ಲಿ ಕಚ್ಚಿ ಡೆಂಗೆ ಜ್ವರವನ್ನು ಹರಡುವ ಪಟ್ಟೆಕಾಲಿನ ಸೊಳ್ಳೆಗೆ ಇಂಥ ತಿಳಿನೀರೇ ತೌರುಮನೆ. 2023ನೆಯ ಇಸವಿಯಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝೀಕಾ ರೋಗದ ವಿಷಾಣುವು ಕಂಡುಬಂದಿತು. 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು.

ಸೊಳ್ಳೆಯನ್ನು ದೂರವಿಡುವ ಔಷಧವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. 50 ಭಾಗ ಕೊಬ್ಬರಿ ಎಣ್ಣೆಗೆ 1 ಭಾಗ ಬೇವಿನ ಎಣ್ಣೆಯನ್ನು ಬೆರೆಸಿ, ಸಂಜೆ ಕೈಕಾಲುಗಳಿಗೆ ತೆಳ್ಳಗೆ ಸವರಿಕೊಳ್ಳತಕ್ಕದ್ದು. ರಾತ್ರಿ ಕಚ್ಚುವ ಮಲೇರಿಯದ ಸೊಳ್ಳೆಯು ಇದರಿಂದ ಕೆಲವು ಗಂಟೆ ದೂರವಿರುವುದು. ಹಗಲಿನ ಸೊಳ್ಳೆಯ ಮೇಲೆ ಇದರ ಗುಣವು ಕಡಮೆ. ಕೂಸುಗಳಿಗೆ ಇದನ್ನು ಹಚ್ಚಲಾಗದು. ಬೇವಿನ ಎಣ್ಣೆಯು ಮಕ್ಕಳ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಸೀಸೆಯನ್ನು ಕೈಗೆಟುಕದಂತೆ ಇಡಬೇಕು. ಒಣಗಿದ ಲಕ್ಕಿ ಸೊಪ್ಪನ್ನೂ ಬೇವಿನ ಸೊಪ್ಪನ್ನೂ ಕೆಂಡದ ಮೇಲೆ ಹಾಕಿ ದನದ ಕೊಟ್ಟಿಗೆಗೆ ಹೊಗೆ ಕೊಡುವುದುಂಟು. ಆದರೆ ಹೊಗೆಯಾರಿದೊಡನೆ ಸೊಳ್ಳೆಯು ಮರಳುವುದು. ಉಬ್ಬಸವುಳ್ಳವರ ಬಳಿ ಹೊಗೆ ಸಲ್ಲದು.

ರೇಷ್ಮೆ ಸಾಕುವವರು ಇಲ್ಲಿ ವಿಶೇಷವಾಗಿ ಎಚ್ಚರದಿಂದಿರಬೇಕು. ಬೇವಿನ ಸತ್ವವು ಎಲೆ ತಿನ್ನುವ ಹುಳುಗಳ ಬೆಳವಣಿಗೆಯನ್ನು ಕೆಡಿಸತಕ್ಕದ್ದು. ರೇಷ್ಮೆಹುಳುವೂ ಎಲೆ ತಿನ್ನುವ ಹುಳುವೇ ಅಲ್ಲವೆ? ಬೇವಿನ ಎಣ್ಣೆ ಹಚ್ಚಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಹಿಪ್ಪುನೇರಳೆ ಸೊಪ್ಪನ್ನಾಗಲಿ ತಟ್ಟೆಯನ್ನಾಗಲಿ ಮುಟ್ಟಬಾರದು. ಹುಳು ಸಾಕುವ ಕೋಣೆಯ ಬಳಿ ಯಾವ ಹೊಗೆಯೂ ಕೂಡದು. ಅಂಗಡಿಯ ಸೊಳ್ಳೆಬತ್ತಿಯನ್ನಂತೂ ಹಚ್ಚಲೇಬಾರದು. ಸೊಳ್ಳೆಯನ್ನು ಕೊಲ್ಲುವ ವಿಷವು ರೇಷ್ಮೆಹುಳುವನ್ನೂ ಉಳಿಸದು.

ಹಾಗಾದರೆ ಇಂಥ ಮನೆಗೆ ಉಪಾಯವೇನು? ಊಜಿ ನೊಣವನ್ನು ತಡೆಯಲು ಕಿಟಕಿ ಬಾಗಿಲುಗಳಿಗೆ ಹಾಕುವ ಬಲೆಯನ್ನು ಮಲಗುವ ಕೋಣೆಗೂ ಹಾಕಿಸುವುದು ಯುಕ್ತ. ಅದರ ಕಣ್ಣು ಸೊಳ್ಳೆ ನುಸುಳದಷ್ಟು ಸಣ್ಣದಾಗಿರಲಿ. ಇರುವೆ ಹತ್ತದಂತೆ ತಟ್ಟೆಗಳ ಅಟ್ಟಣೆಯ ಕಾಲುಗಳ ಕೆಳಗೆ ನೀರಿನ ಬಟ್ಟಲುಗಳನ್ನು ಇಡುವರಷ್ಟೆ. ಆ ಬೊಗಸೆ ನೀರಿನಲ್ಲಿಯೂ ಸೊಳ್ಳೆ ಮೊಟ್ಟೆಯಿಡುವುದು. ಮೊಟ್ಟೆಯು ಸೊಳ್ಳೆಯಾಗಲು ಬೇಸಗೆಯಲ್ಲಿ ಸುಮಾರು 8 ರಿಂದ 10 ದಿನ ಸಾಕು. ಆದ್ದರಿಂದ ಬಟ್ಟಲು, ತೊಟ್ಟಿ, ಪೀಪಾಯಿಗಳನ್ನು ವಾರಕ್ಕೊಮ್ಮೆ ಬರಿದುಮಾಡಬೇಕು. ಬರಿಯ ನೀರು ಚೆಲ್ಲಿದರೆ ಸಾಲದು. ಒಳಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕಿರುವುವು. ಅವನ್ನು ಚೆನ್ನಾಗಿ ಉಜ್ಜಿ ತೊಳೆದು, ಒಣಗಿಸಿ, ತೊಟ್ಟಿ ಪೀಪಾಯಿಗಳನ್ನು ತುಂಬಿದ ಮೇಲೆ ಬಿಗಿಯಾಗಿ ಮುಚ್ಚಬೇಕು.

ಒಂದು ಮನೆಯವರು ಶುಚಿಯಾಗಿದ್ದು ನೆರೆಮನೆಯವರು ಅಲಕ್ಷ್ಯಮಾಡಿದರೆ ಶ್ರಮವೆಲ್ಲ ವ್ಯರ್ಥ. ಆದ್ದರಿಂದ ಊರಿನ ಯಜಮಾನರು ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿ, ಮೊದಲು ತಮ್ಮ ಮನೆಯ ತೊಟ್ಟಿಯನ್ನೇ ತೊಳೆಯಿಸಲಿ. ಊರು ತಾನಾಗಿ ಹಿಂಬಾಲಿಸುವುದು. ಜನರ ಆರೋಗ್ಯವೂ ಗೂಡಿನ ಬೆಳೆಯೂ ಒಟ್ಟಿಗೆ ಉಳಿಯುವುವು.